ಹೂಂ ಎನ್ನುವ ಮೊದಲಿನ ಉಸಿರು

ಚಂಪಾ, ನಿನ್ನ ಅವ್ವ ಆ ದಿನ ಹೂಂ ಅನ್ನಲಿಲ್ಲ. ಊಹೂಂ ಅಂದರು. ಅದು ಊಹೂಂ ಎಂದು ತಿಳಿದವಳು ಆ ಕೋಣೆಯಲ್ಲಿ ನಾನೊಬ್ಬಳೇ ಇದ್ದೆ — ತಿಳಿದೂ ಸುಮ್ಮನೆ ಕುಳಿತೆ.

ಬರೆದುಬಿಟ್ಟೆ. ಐದು ವರ್ಷ ಈ ಮಾತನ್ನು ಒಳಗೇ ಇಟ್ಟುಕೊಂಡಿದ್ದೆ. ಹೊರಗೆ ಬಂದ ಮೇಲಾದರೂ ಹಗುರಾಗಬಹುದು ಅಂದುಕೊಂಡಿದ್ದೆ, ಹಾಗೇನೂ ಆಗಲಿಲ್ಲ. ಉಳಿದದ್ದನ್ನೂ ಬರೆಯುತ್ತೇನೆ. ನನ್ನ ಅಪ್ಪ ಕನ್ನಡ ಶಾಲೆಯ ಮಾಸ್ತರು, ಕಾಗದ ಹಿಡಿದರೆ ನನಗೆ ಪುಸ್ತಕದ ಭಾಷೆಯೇ ಬರುತ್ತದೆ. ಬಾಯಲ್ಲಿ ಹೇಳಹೋದರೆ ಅರ್ಧಕ್ಕೇ ಅಳು ಬಂದು, ನೀನೇ ನನ್ನನ್ನು ಸಮಾಧಾನ ಮಾಡಿ, ಮಾತು ಅಲ್ಲಿಗೇ ಮುಗಿದುಬಿಡುತ್ತದೆ. ನಿನ್ನ ಸಮಾಧಾನ ನನಗೆ ಬೇಡ.

ಮೊನ್ನೆ ನಿನ್ನ ಕಾರ್ಡು ಬಂತು. ಗಡಹಿಂಗ್ಲಜದಲ್ಲಿ ನಿನ್ನ ಅತ್ತೆಗೂ ಲಕ್ವಾ ಹೊಡೆದು ಮಾತು ಹೋಗಿದೆ ಎಂದು ಬರೆದಿದ್ದೀ. ಮನೆಯಲ್ಲಿ ಹಿರಿಯರು ಅನ್ನ ನೀರು ಬಿಡಿಸುವ ಸಲ್ಲೇಖನದ ಮಾತು ಎತ್ತಿದ್ದಾರೆ ಎಂದು ಬರೆದಿದ್ದೀ. ಕೊನೆಗೆ, ಜಾಗ ಸಾಲದೆ ಅಂಚಿನಲ್ಲಿ ಅಡ್ಡಡ್ಡ ಬರೆದದ್ದು — "ವೈನಿ, ನೀ ಒಮ್ಮೆ ಬಂದು ನೋಡು. ಅವರಿಗೆ ಖಬರ ಐತೋ ಇಲ್ಲೋ ನಿನಗ ತಿಳೀತೈತಿ. ನಮ್ಮ ಅವ್ವನ ಮುಂದ ಕುಂತಾಕಿ ನೀನಲ್ಲೇನ."

ಹೌದು, ಕುಂತಾಕಿ ನಾನೇ.

ಖಬರ — ನಮ್ಮ ಕಡೆ ಈ ಒಂದೇ ಶಬ್ದಕ್ಕೆ ಎರಡು ಕೆಲಸ. ಊರಿನ ಸುದ್ದಿಯೂ ಖಬರ, ಮನುಷ್ಯನ ಎಚ್ಚರವೂ ಖಬರ. ನನ್ನ ಅತ್ತೆ, ಅಂದರೆ ನಿನ್ನ ಅವ್ವ, ಹಾಸಿಗೆ ಹಿಡಿದಿದ್ದ ಮೂರು ವರ್ಷವೂ ನೀನು ಕಾರ್ಡಿನ ಮೇಲೆ ಕಾರ್ಡು ಬರೆದೆ, ಅವ್ವನ ಖಬರ ತಿಳಿಸು ಎಂದು. ಮೈ ತೊಳೆದದ್ದು, ಎರಡು ಚಮಚ ಗಂಜಿ ಕುಡಿದದ್ದು, ಬೆನ್ನಿನ ಹುಣ್ಣು ಮಾಯುತ್ತ ಬಂದದ್ದು, ಎಲ್ಲವನ್ನೂ ನಾನು ಬರೆದೆ. ಆ ಇನ್ನೊಂದು ಖಬರ ಎಲ್ಲಿದೆ, ಹೇಗಿದೆ ಎಂದು ಮಾತ್ರ ಒಂದು ಸಾಲೂ ಬರೆಯಲಿಲ್ಲ. ಅದು ನನಗೆ ಗೊತ್ತಿತ್ತು.

ನಿನ್ನ ಅವ್ವನಷ್ಟು ಮಾತಾಡುವವರನ್ನು ನಾನು ಕಂಡಿಲ್ಲ. ಬಾಯಿದ್ದವ ಬರಗಾಲದಾಗ ಬದುಕಿದ ಅನ್ನುತ್ತಾರೆ. ನಮ್ಮ ಅತ್ತೆ ಬರಗಾಲವನ್ನೇ ಮಾತಾಡಿಸಿ, ನೀರು ಕುಡಿಸಿ, ಮನೆಗೆ ಕಳಿಸುವಂಥವರು. ಮಗ್ಗಗಳ ಸದ್ದಿಗೆ ಇಚಲಕರಂಜಿಯಲ್ಲಿ ಎಲ್ಲರೂ ಜೋರಾಗಿಯೇ ಮಾತಾಡುತ್ತಾರೆ, ಆದರೂ ಅವರ ದನಿ ಗೋಡೆಯಾಚೆಯ ನಮ್ಮ ನಾಲ್ಕೂ ಮಗ್ಗಗಳನ್ನು ಮೀರಿ ಓಣಿಗೆ ಕೇಳುತ್ತಿತ್ತು. ಹೊಸದಾಗಿ ಬಂದಾಗ ನನಗೆ ಸಿಟ್ಟು ಬರುತ್ತಿತ್ತು. ಒಂದು ದಿನವಾದರೂ ಈಕೆ ಸುಮ್ಮನಿರಬಾರದೇ ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ಅದನ್ನೂ ಇಲ್ಲಿ ಬರೆದಿಡುತ್ತೇನೆ.

ಒಂದು ಮುಂಜಾನೆ ಬಚ್ಚಲ ಬಳಿ ಬಟ್ಟೆಯಲ್ಲಿ ನೀರು ಗಾಳಿಸುತ್ತಿದ್ದವರು ಬಿಂದಿಗೆಯ ಮೇಲೇ ಒರಗಿದರು. ಬಲಗೈ, ಬಲಗಾಲು ಹೋದವು. ಬಾಯಿ ಸೊಟ್ಟಗಾಯಿತು. ಮೂರು ದಿನ ಕಳೆದು ಕಣ್ಣು ತೆರೆದಾಗ ಅಷ್ಟೆಲ್ಲ ಮಾತಿನ ಹೆಂಗಸಿಗೆ ಉಳಿದದ್ದು ಒಂದೇ ಸದ್ದು. ಹೂಂ. ನೀರು ಬೇಕೇನು ಅಂದರೂ ಹೂಂ, ಬೇಡವೇನು ಅಂದರೂ ಹೂಂ.

ಕೊಲ್ಹಾಪುರದ ಡಾಕ್ಟರ ಕಡೆ ಕರೆದೊಯ್ದಾಗ ನೀನು ಬಾಣಂತಿ, ಬರಲಿಲ್ಲ. ಒಳ್ಳೆಯ ಮನುಷ್ಯ ಅವರು, ಅವಸರ ಮಾಡಲಿಲ್ಲ. ಚೀಟಿಯ ಹಿಂದೆ ಪೆನ್ಸಿಲ್ಲಿನಿಂದ ಮಿದುಳಿನ ಚಿತ್ರ ಬರೆದರು — ಒಡೆದ ಅಕ್ರೋಟು ಕಾಯಿಯ ಹಾಗೆ ಕಂಡಿತು ನನಗೆ — ಎಡಗಡೆ ಒಂದು ಗುರುತು ಹಾಕಿ, ಮಾತಿನ ಜಾಗ ಇದು, ಇಲ್ಲಿಗೆ ರಕ್ತ ಹೋಗದೆ ಒಣಗಿದೆ ಎಂದರು. ಆಮೇಲೆ ಅತ್ತೆಯ ಕಡೆ ತಿರುಗಿ ಪ್ರಶ್ನೆ ಕೇಳಿದರು. ನಿಮ್ಮ ಊರು ಮುಂಬಯಿಯೇನು? ಹೂಂ. ಇವತ್ತು ದೀಪಾವಳಿಯೇನು? ಹೂಂ. ಹೊರಗೆ ಏಪ್ರಿಲ್ಲಿನ ಬಿಸಿಲು ಸುಡುತ್ತಿತ್ತು. ಡಾಕ್ಟರು ಪೆನ್ಸಿಲ್ ಕೆಳಗಿಟ್ಟು ಮರಾಠಿಯಲ್ಲಿ ಅಂದರು — "ಹೇ ತಿಚಂ ಮನ ಬೋಲತ ನಾಹೀ. ಮೇಂದೂ ಬೋಲತೊ." ಮಾತಾಡುವುದು ಈಕೆಯ ಮನಸ್ಸಲ್ಲ, ಬರೀ ಮಿದುಳು.

ನನಗೆ ತಡೆಯಲಾಗಲಿಲ್ಲ. ಹಾಗಾದರೆ ಮನಸ್ಸು ಎಲ್ಲಿರುತ್ತದೆ ಡಾಕ್ಟರ್ ಎಂದು ಕೇಳಿಯೇಬಿಟ್ಟೆ. ನಿನ್ನ ಅಣ್ಣ ನನ್ನನ್ನು ದುರುಗುಟ್ಟಿ ನೋಡಿದರು. ಡಾಕ್ಟರು ನಕ್ಕರು, ದಣಿದ ನಗು. "ತೇ ತುಮಚ್ಯಾ ಮಹಾರಾಜಾಂನಾ ವಿಚಾರಾ." ಅದನ್ನು ನಿಮ್ಮ ಮುನಿಮಹಾರಾಜರನ್ನೇ ಕೇಳಿ ಎಂದರು. ಬರುವಾಗ ಬಸ್ಸಿನಲ್ಲಿ ಅತ್ತೆಯ ತಲೆ ನನ್ನ ತೊಡೆಯ ಮೇಲಿತ್ತು. ಹಾತಕಣಂಗಲೆ ದಾಟುವವರೆಗೂ ಆ ತಲೆಯನ್ನೇ ನೋಡುತ್ತ ಕುಳಿತೆ, ಇದರೊಳಗೆ ಈಗ ಯಾರಾದರೂ ಇದ್ದಾರೋ, ಮನೆ ಬಿಟ್ಟು ಹೋಗಿದ್ದಾರೋ ಎಂದು.

ಇದ್ದರು, ಚಂಪಾ. ಅದು ನನಗೆ ತಿಳಿದದ್ದು ಒಂದು ಗಂಜಿಯ ಬಟ್ಟಲಿನಿಂದ.

ಆ ದಿನ ಮನೆಗೆ ನೂಲಿನ ವ್ಯಾಪಾರದವರು ಬಂದು ಅಡುಗೆ ತಡವಾಯಿತು. ಗಂಜಿ ತೆಗೆದುಕೊಂಡು ಹೋಗುವಷ್ಟರಲ್ಲಿ ಹೊತ್ತು ಮುಳುಗಿತ್ತು. ಮುಳುಗಿದರೆ ಮುಳುಗಲಿ, ಈಕೆಗೆ ಹಗಲೇನು ಸಂಜೆಯೇನು ಅಂದುಕೊಂಡು ಬಟ್ಟಲು ಹಿಡಿದೆ. "ಅತ್ತೀ, ಗಂಜಿ ಕುಡೀರಿ." ಹೂಂ ಬಂತು. ಚಮಚ ಒಯ್ದರೆ ಬಾಯಿ ಬಿಗಿಯಾಗಿ ಮುಚ್ಚಿತ್ತು. ಮತ್ತೆ ಕೇಳಿದೆ, ಮತ್ತೆ ಹೂಂ, ಮತ್ತೆ ಮುಚ್ಚಿದ ಬಾಯಿ. ಕಣ್ಣು ಮಾತ್ರ ಕಿಟಕಿಯ ಕಡೆ. ಹೊರಗೆ ಬೆಳಕಿಲ್ಲದ ಆಕಾಶ. ಹೊತ್ತು ಮುಳುಗಿದ ಮೇಲೆ ಒಂದು ತುತ್ತೂ ಮುಟ್ಟದೆ ಅರವತ್ತು ವರ್ಷ ಬದುಕಿದ ಜೀವ ಅದು. ಮಿದುಳಿನ ಯಾವ ಭಾಗ ಒಣಗಿದ್ದರೂ, ಸೂರ್ಯ ಇದ್ದಾನೋ ಇಲ್ಲವೋ ಎಂದು ನೋಡಿಕೊಳ್ಳುವವರು ಒಳಗೆ ಇನ್ನೂ ಕುಳಿತಿದ್ದರು.

ಮಾರನೆಯ ದಿನ ಬಿಸಿಲಿದ್ದಾಗಲೇ ಬಟ್ಟಲು ಹಿಡಿದು ಕಿವಿಯನ್ನು ಅವರ ಬಾಯಿಯ ಹತ್ತಿರ ಒಯ್ದೆ. ಕುಡೀತೀರೇನ್ರಿ ಅಂದೆ. ಹೂಂ — ಕೂಡಲೇ, ಗಟ್ಟಿಯಾಗಿ. ಬಾಯಿ ತೆರೆಯಿತು. ಸಂಜೆ ಬೇಕೆಂದೇ ತಡಮಾಡಿ ಕೇಳಿದೆ. ಆಗ ಕೇಳಿಸಿತು. ಹೂಂ ಬರುವ ಮೊದಲು ಒಂದು ಉಸಿರು. ಸದ್ದಿಲ್ಲದ, ಮೂಗಿನಿಂದ ಹೊರಡುವ ಸಣ್ಣ ಉಸಿರು, ಅದರ ಹಿಂದೆ ಹೂಂ.

ಹೂಂ ಅನ್ನಲಿಕ್ಕೆ ಒಂದು ಸದ್ದು ಸಾಕು. ಊಹೂಂ ಅನ್ನಲಿಕ್ಕೆ ಎರಡು ಬೇಕು. ಅವರಿಗೆ ಉಳಿದದ್ದು ಒಂದೇ. ಮೊದಲಿನ ಊ ಬಾಯಿಗೆ ಬರದೆ ಬರೀ ಉಸಿರಾಗಿ ಹೋಗುತ್ತಿತ್ತು. ಬೇಡ ಅನ್ನುವುದಕ್ಕೆ ಅವರು ಪಡುತ್ತಿದ್ದ ಕಷ್ಟವೆಲ್ಲ ಆ ಉಸಿರಿನಲ್ಲಿತ್ತು, ಕೇಳುವವರಿಗೆ ಅದು ಒಪ್ಪಿಗೆಯಾಗಿ ಕೇಳುತ್ತಿತ್ತು.

ನಿನ್ನ ಅಣ್ಣನಿಗೆ ಅಂದೇ ಹೇಳಿದೆ. ಅವರು ನನ್ನ ಹಣೆ ಮುಟ್ಟಿ ನೋಡಿ, "ದಣದೀ ನೀ. ಡಾಕ್ಟರ ಹೇಳ್ಯಾರಲ್ಲ, ಅದು ಬರೇ ಮಿದುಳು ಅಂತ" ಅಂದರು. ಮಗ್ಗದ ಸದ್ದಿನಲ್ಲಿ ಬಾಳಿದ ಕಿವಿ ಅವರದು, ಹತ್ತಿರ ಬಂದು ಬಗ್ಗಿ ಕೇಳು ಅಂದರೆ ಕೇಳುತ್ತಿತ್ತೇನೋ. ನಾನು ಎರಡನೆಯ ಸಲ ಹೇಳಲಿಲ್ಲ. ನಿನಗೂ ಬರೆಯಲಿಲ್ಲ. ಯಾಕೆ ಅಂದರೆ — ಮೊದಮೊದಲು ಅದು ನಮ್ಮಿಬ್ಬರದೇ ಗುಟ್ಟು ಎಂದು ಹಿಗ್ಗಿತ್ತು. ಆಮೇಲೆ ಬೇರೆಯೇ ಒಂದು ಕಾರಣ ಬಂತು. ಒಳಗೆ ಯಾರೂ ಇಲ್ಲ ಎಂದು ಎಲ್ಲರೂ ನಂಬಿದ್ದರೆ ನಾನು ಮಾಡುವುದು ಮೈ ತೊಳೆಯುವ ಕೆಲಸ ಮಾತ್ರ. ಇದ್ದಾರೆ ಎಂದರೆ ಕೂತು ಕೇಳಬೇಕು, ಬೇಡ ಅಂದದ್ದಕ್ಕೆ ಬೆಲೆ ಕೊಡಬೇಕು, ಮತ್ತೆ ಮತ್ತೆ ಕೇಳಬೇಕು. ನನಗೆ ಅಷ್ಟು ತ್ರಾಣವಿರಲಿಲ್ಲ.

ಅಲ್ಲಿಂದ ಸಣ್ಣ ಸಣ್ಣ ತಪ್ಪು ಶುರುವಾದವು. ಅವರ ಮಗ್ಗಲು ಬದಲಿಸುವ ಹೊತ್ತಿಗೆ ನನ್ನ ಸೊಂಟ ನೋಯುತ್ತಿದ್ದರೆ, "ಹಿಂಗ ಇರ್ತೀರೇನ್ರಿ?" ಎಂದು ಕೇಳುತ್ತಿದ್ದೆ. ಉಸಿರು, ಹೂಂ. ಹೂಂ ಅಂದರಲ್ಲ ಎಂದು ಎದ್ದು ಹೋಗುತ್ತಿದ್ದೆ. ಉಸಿರು ಕೇಳಿಸಿತ್ತು ಅನ್ನುವುದು ನನಗೂ ಗೊತ್ತು, ಕೇಳಿಸಿತು ಎಂದು ನನಗೆ ಗೊತ್ತು ಅನ್ನುವುದು ಅವರಿಗೂ ಗೊತ್ತು. ಆ ಕಣ್ಣು ನನ್ನ ಬೆನ್ನ ಹಿಂದೆ ಬಾಗಿಲವರೆಗೂ ಬರುತ್ತಿತ್ತು. ಬೆನ್ನಿನ ಹುಣ್ಣು ಯಾಕಾಯಿತು ಎಂದು ನೀನು ಕಾರ್ಡಿನಲ್ಲಿ ಕೇಳಿದ್ದೆ. ಸೆಖೆಗೆ ಆಯಿತು ಎಂದು ಬರೆದಿದ್ದೆ.

ಮೂರನೆಯ ವರ್ಷ ಜ್ವರ ಬಿಡದಾಯಿತು. ನುಂಗಿದ್ದು ಹಿಂದಕ್ಕೆ ಬರತೊಡಗಿತು. ಇನ್ನು ನಮ್ಮ ಕೈಯಲ್ಲಿಲ್ಲ ಎಂದು ಕೊಲ್ಹಾಪುರದಿಂದ ಹೇಳಿ ಕಳಿಸಿದರು. ಆಗ ನಿನ್ನ ಅಣ್ಣನಿಗೆ ದತ್ತವಾಡದ ನೆನಪಾಯಿತು. ನಿನಗೂ ನೆನಪಿರಬೇಕು — ದತ್ತವಾಡದಲ್ಲಿ ನಿಮ್ಮ ದೊಡ್ಡವ್ವ ಅನ್ನ ಬಿಟ್ಟು, ನೀರು ಬಿಟ್ಟು, ಮಂತ್ರ ಕೇಳುತ್ತ ಶಾಂತವಾಗಿ ಹೋದರಲ್ಲ, ಅದನ್ನು ನೋಡಿ ಬಂದ ದಿನ ಅತ್ತೆ ಅಂಗಳದಲ್ಲಿ ಕುಳಿತು ನಮಗೆಲ್ಲ ಹೇಳಿದ್ದರು. "ನನಗೂ ಹಂಗ ಆಗಬೇಕ ನೋಡ್ರಿ. ಆದ್ರ ಖಬರ ಇದ್ದಾಗ. ನನ್ನ ಬಾಯಿಲೆ ನಾನ ಹೂಂ ಅನಬೇಕ. ಬ್ಯಾರೆದವರು ನನ್ನ ಪರವಾಗಿ ಅಂದ್ರ ನಾ ಒಪ್ಪಾಕಿ ಅಲ್ಲ." ಅದು ಅವರ ಮನಸ್ಸೇ. ಆರೋಗ್ಯದಲ್ಲಿದ್ದಾಗ, ಎಲ್ಲರ ಎದುರಿಗೆ ಆಡಿದ ಮಾತು. ನಿನ್ನ ಅಣ್ಣ ತಾಯಿಯ ಆಸೆ ತೀರಿಸಲೆಂದೇ ಓಡಾಡಿದರು. ಅವರ ಮೇಲೆ ನೀನು ಒಂದು ಮಾತೂ ಎತ್ತಬೇಡ. ಉಸಿರಿನ ಮಾತನ್ನು ಅವರು ನಂಬಲೇ ಇಲ್ಲ, ಆ ದಿನ ನಾನು ಏನು ಕೇಳಿಸಿಕೊಂಡೆ ಎಂದು ಅವರಿಗೆ ಇಂದಿಗೂ ಗೊತ್ತಿಲ್ಲ. ನಿನಗೆ ಹೇಳಿದ ಮೇಲೆ ಅವರಿಗೂ ಹೇಳುತ್ತೇನೆ.

ಆ ಹೊತ್ತಿಗೆ ಊರಲ್ಲಿ ಮುನಿಮಹಾರಾಜರು ತಂಗಿದ್ದರು. ಮನೆಗೆ ಬಂದರು. ತೀರ ಎಚ್ಚರದ ಮನುಷ್ಯ. ಮೊದಲ ಮಾತಿಗೇ, ಬಲವಂತದ ವ್ರತ ವ್ರತವಲ್ಲ ಅಂದರು. ಅನ್ನ ಬಿಡುವವರಿಗೆ ಖಬರ ಇರಬೇಕು, ಅವರದೇ ಒಪ್ಪಿಗೆ ಬೇಕು ಅಂದರು. ಮಾತು ನಿಚ್ಚಳವಾಗಿ ಕೇಳಲಿ ಎಂದು ನಿನ್ನ ಅಣ್ಣ ಮಗ್ಗ ನಿಲ್ಲಿಸಿದರು, ಕೇಳಿಕೊಂಡ ಮೇಲೆ ನೆರೆಯವರೂ ನಿಲ್ಲಿಸಿದರು. ಇಚಲಕರಂಜಿಯ ಆ ಓಣಿಯಲ್ಲಿ ಅಂಥ ನಿಶ್ಶಬ್ದವನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಗೋಡೆ ಅದುರುತ್ತಿರಲಿಲ್ಲ. ನನ್ನ ಬಳೆ ಅಲ್ಲಾಡಿದರೂ ಎಲ್ಲರಿಗೂ ಕೇಳುವಂತಿತ್ತು.

ಮಹಾರಾಜರು ನನ್ನ ಕಡೆ ತಿರುಗಿದರು. "ಸೇವಾ ಮಾಡಾಕಿ ನೀನ ಏನವ್ವಾ? ಇವರ ಮಾತು ಎಲ್ಲಾರಕಿಂತ ನಿನಗ ತಿಳೀತೈತಿ. ಹೇಳು, ಇವರಿಗೆ ಖಬರ ಐತೇನು?"

ಡಾಕ್ಟರು ಮಹಾರಾಜರ ಕಡೆ ಬೆರಳು ತೋರಿಸಿದ್ದರು. ಮಹಾರಾಜರು ನನ್ನನ್ನು ಕೇಳುತ್ತಿದ್ದರು. "ಐತ್ರಿ ಮಹಾರಾಜ" ಅಂದೆ. ಸುಳ್ಳಲ್ಲ. ಮೂರು ವರ್ಷದಲ್ಲಿ ಈ ವಿಷಯವಾಗಿ ನಾಲ್ಕು ಜನರ ಎದುರು ನಾನು ಆಡಿದ ಮೊದಲ ಸತ್ಯ ಅದು — ಅದೇ ಸತ್ಯದಿಂದ ಅವರನ್ನು ಕಟ್ಟಿಹಾಕಿದೆ. ಖಬರ ಇದೆ ಎಂದು ಸಾಕ್ಷಿ ಹೇಳಿ, ಆ ಖಬರ ಏನು ಹೇಳುತ್ತದೆ ಎಂದು ಹೇಳದೆ ಉಳಿದೆ.

ಮಹಾರಾಜರು ಅತ್ತೆಯ ಹತ್ತಿರ ಬಗ್ಗಿ, ಒಂದೊಂದೇ ಶಬ್ದ ಬಿಡಿಸಿ ಕೇಳಿದರು. "ತಾಯೀ, ಅನ್ನ ಬಿಡಾಕ ನಿಮ್ಮ ಮನಸ್ಸು ಒಪ್ಪೇತೇನು?"

ಉಸಿರು. ಆಮೇಲೆ ಹೂಂ.

ಸುತ್ತಲಿನವರು ಕೈಮುಗಿದರು. ಮಗ್ಗ ನಿಂತ ಆ ಮೌನದಲ್ಲಿ ಅಷ್ಟು ಸ್ಪಷ್ಟವಾಗಿ ಆ ಉಸಿರನ್ನು ನಾನು ಎಂದೂ ಕೇಳಿರಲಿಲ್ಲ. ನನ್ನ ಬಾಯಿ ತೆರೆಯಿತು. ತೆರೆದದ್ದು ನನಗೆ ಗೊತ್ತು, ಅದರಿಂದ ಮಾತು ಹೊರಡಲಿಲ್ಲ. ಆ ಕ್ಷಣದಲ್ಲಿ ನಾನು ಯೋಚಿಸಿದ್ದು ಧರ್ಮವನ್ನಲ್ಲ, ಮಿದುಳನ್ನಲ್ಲ, ದತ್ತವಾಡವನ್ನಲ್ಲ. ನಾಳೆ ಬೆಳಿಗ್ಗೆ ಹಾಸಿಗೆ ಒಗೆಯುವುದನ್ನು ಯೋಚಿಸಿದೆ. ನಾಡದು ಒಗೆಯುವುದನ್ನು. ಅದು ಇನ್ನೆಷ್ಟು ದಿನ ಎಂದು.

ಮೌನ ಸಮ್ಮತಿಯ ಲಕ್ಷಣ ಅನ್ನುತ್ತಾರೆ. ಆ ದಿನ ಸಮ್ಮತಿ ಕೊಟ್ಟದ್ದು ನನ್ನ ಮೌನ.

ಮಹಾರಾಜರು ಎರಡನೆಯ ಸಲ ಕೇಳಿದರು. ಉಸಿರು, ಹೂಂ. ಇನ್ನೊಂದು ಸಲ ಕೇಳಬೇಕೆಂದರು, ಕೇಳಿದರು. ಅದಾದ ಮೇಲೆ ವ್ರತ ಕೊಟ್ಟರು.

ನೀನು ಗಡಹಿಂಗ್ಲಜದಿಂದ ಎರಡು ಬಸ್ಸು ಬದಲಿಸಿ ಮಾರನೆಯ ದಿನ ಬಂದೆ. ಚಪ್ಪಲಿಯನ್ನೂ ಬಿಡದೆ ಅಡುಗೆಮನೆಗೇ ಬಂದು ನನ್ನ ಎರಡೂ ಕೈ ಹಿಡಿದೆ. "ವೈನೀ, ಖರೇ ಹೇಳು. ಅವ್ವ ತಾನ ಹೂಂ ಅಂದ್ಳೇನು? ಖಬರ ಇತ್ತೇನು ಆಕಿಗೆ?"

"ಇತ್ತು," ಅಂದೆ. "ತಾವ ಅಂದ್ರು."

ನೀನು ಬಗ್ಗಿ ನನ್ನ ಕಾಲು ಮುಟ್ಟಿದೆ. ಮೂರು ವರ್ಷ ನನ್ನ ಅವ್ವನ್ನ ಮಗಳಗಿಂತ ಹೆಚ್ಚು ನೋಡಿದಿ ಅಂದೆ. ಚಂಪಾ, ಮಹಾರಾಜರ ಮುಂದೆ ಸುಮ್ಮನಿದ್ದದ್ದು ಒಂದು ಕ್ಷಣದ ದಣಿವು ಎಂದಾದರೂ ಅನ್ನಬಹುದು. ನಿನ್ನ ಮುಂದೆ ಹೇಳಿದ್ದು ಹಾಗಲ್ಲ. ಅದಕ್ಕೆ ನನಗೆ ಇಡೀ ಒಂದು ದಿನ ಸಿಕ್ಕಿತ್ತು. ವ್ರತವನ್ನು ಅಲ್ಲಿಗೇ ನಿಲ್ಲಿಸಬಹುದಿತ್ತು, ಒಂದು ಬಟ್ಟಲು ಗಂಜಿ ಕಾಸಬಹುದಿತ್ತು. ಆಮೇಲೂ ಎಂಟು ದಿನ ಸಿಕ್ಕವು. ಎಂಟು ದಿನ ನೀನು ಅವರ ತಲೆಯ ಬಳಿ, ನಾನು ಕಾಲಿನ ಬಳಿ ಕುಳಿತೆವು. ಪ್ರತಿ ದಿನ ಬೆಳಗಾದಾಗ ಇವತ್ತು ಹೇಳುತ್ತೇನೆ ಅಂದುಕೊಳ್ಳುತ್ತಿದ್ದೆ. ಅವರು ಹೋದ ಮೇಲೆ ಊರೆಲ್ಲ ಬಂದು, ಸೊಸಿ ಅಂದ್ರ ಹಿಂಗಿರಬೇಕ ಅಂದಿತು. ಬಸ್ತಿಯಲ್ಲಿ ಹೆಂಗಸರು ನನ್ನ ಉಡಿ ತುಂಬಿದರು. ನಾನು ತುಂಬಿಸಿಕೊಂಡು ಮನೆಗೆ ಬಂದು ಹನ್ನೆರಡು ತಾಸು ನಿದ್ದೆ ಮಾಡಿದೆ. ಚೆನ್ನಾಗಿ ನಿದ್ದೆ ಬಂತು, ಅದೇ ನನಗೆ ಎಲ್ಲಕ್ಕಿಂತ ಭಯ ಹುಟ್ಟಿಸುವುದು.

ಇನ್ನೊಂದು ಉಳಿದಿದೆ. ಇದನ್ನು ನನಗೆ ನಾನೇ ಸರಿಯಾಗಿ ಹೇಳಿಕೊಂಡಿಲ್ಲ.

ಮೂರನೆಯ ಸಲ ಮಹಾರಾಜರು ಕೇಳಿದಾಗ ಅತ್ತೆ ಅವರನ್ನು ನೋಡಲಿಲ್ಲ. ಕಣ್ಣು ತಿರುಗಿಸಿ ನನ್ನನ್ನು ನೋಡಿದರು. ತೆರೆದು ಹಾಗೇ ಉಳಿದ ನನ್ನ ಬಾಯನ್ನು ನೋಡಿದರು, ಕಣ್ಣ ಕೆಳಗಿನ ಕಪ್ಪನ್ನು ನೋಡಿದರು, ಬಹಳ ಹೊತ್ತು. ಆಮೇಲೆ ಹೂಂ ಅಂದರು — ಈ ಸಲ ಉಸಿರಿಲ್ಲದೆ, ಗಟ್ಟಿಯಾಗಿ, ಬಿಸಿಲಿದ್ದಾಗ ಗಂಜಿಗೆ ಅನ್ನುತ್ತಿದ್ದ ಹೂಂ.

ಅದಾದ ಮೇಲೆ ಅವರ ಬಾಯಿಂದ ಒಂದು ಸದ್ದೂ ಬರಲಿಲ್ಲ. ನೀನು ಎಷ್ಟೋ ಸಲ ಕರೆದೆ, ನೆನಪಿದೆಯಲ್ಲ.

ಐದು ವರ್ಷ ಈ ಮೂರನೆಯ ಹೂಂ ಹಿಡಿದುಕೊಂಡೇ ಬದುಕಿದ್ದೇನೆ. ಕೊನೆಗೆ ಒಪ್ಪಿದರಲ್ಲ, ತಮ್ಮ ಬಾಯಿಂದಲೇ ಅಂದರಲ್ಲ ಎಂದು. ಆದರೆ ಅವರು ಒಪ್ಪಿದ್ದು ಯಾವುದನ್ನು? ಮಹಾರಾಜರು ಕೇಳಿದ್ದು ಅವರ ಮನಸ್ಸನ್ನು. ಅವರು ಓದಿದ್ದು ನನ್ನ ಮನಸ್ಸನ್ನು. ಮಾತಿಲ್ಲದ, ಅರ್ಧ ಮೈ ಸತ್ತ, ಡಾಕ್ಟರು ಒಳಗೆ ಯಾರೂ ಇಲ್ಲವೆಂದು ಕೈಬಿಟ್ಟ ಆ ಮುದುಕಿ ಆ ಕೋಣೆಯಲ್ಲಿದ್ದ ಎಲ್ಲರಿಗಿಂತ ಹೆಚ್ಚು ಖಬರದಲ್ಲಿದ್ದರು. ಸೊಸೆ ದಣಿದಿದ್ದಾಳೆ ಎಂದು ಅವರಿಗೆ ತಿಳಿಯಿತು. ನನಗಾಗಿ ಅಂದ ಹೂಂ ಅದು. ಅದನ್ನು ನನ್ನ ಪರವಾದ ಸಾಕ್ಷಿಯೆಂದು ಇಷ್ಟು ದಿನ ಇಟ್ಟುಕೊಂಡಿದ್ದೆ. ಇನ್ನು ಇಟ್ಟುಕೊಳ್ಳಲಾರೆ.

ಮನಸ್ಸು ಎಲ್ಲಿರುತ್ತದೆ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಇರುವ ಕಡೆ ಯಾರಾದರೂ ಬಗ್ಗಿ ಕೇಳಬೇಕು ಎಂಬುದಷ್ಟೇ ಗೊತ್ತು. ನಿನ್ನ ಅತ್ತೆಯ ಹತ್ತಿರ ಕೂತು ಕೇಳಲು ಬರುತ್ತೇನೆ. ಅವರ 'ಬೇಡ' ಹೇಗಿರುತ್ತದೋ ಗೊತ್ತಿಲ್ಲ — ಉಸಿರಲ್ಲೋ, ರೆಪ್ಪೆಯಲ್ಲೋ, ಬೆರಳಲ್ಲೋ. ಒಂದು ದಿನಕ್ಕೆ ತಿಳಿಯುವುದಿಲ್ಲ. ತಿಳಿಯುವವರೆಗೆ ಯಾರೂ ಯಾವ ಪ್ರಶ್ನೆಯನ್ನೂ ಅವರ ಮುಂದೆ ಇಡದ ಹಾಗೆ ನೋಡಿಕೋ. ಕಲಿತದ್ದನ್ನು ನಿನಗೆ ಕಲಿಸುತ್ತೇನೆ, ಯಾಕೆಂದರೆ ನನ್ನೊಬ್ಬಳ ಮಾತಿನ ಮೇಲೆ ನೀನು ಇನ್ನು ಏನನ್ನೂ ನಿರ್ಧರಿಸಬಾರದು.

ಈ ಕಾಗದವನ್ನು ಟಪಾಲಿಗೆ ಹಾಕುವುದಿಲ್ಲ. ನಾನೇ ತಂದು ನಿನ್ನ ಬಾಗಿಲಲ್ಲಿ ನಿಂತು ನಿನ್ನ ಕೈಗೆ ಕೊಡುತ್ತೇನೆ. ನೀನು ಓದಿ ಮುಗಿಸುವವರೆಗೆ ಹೊರಗೇ ನಿಂತಿರುತ್ತೇನೆ. ಆಮೇಲೆ ಒಂದೇ ಮಾತು ಕೇಳುತ್ತೇನೆ — ಚಂಪಾ, ಒಳಗ ಬರಲೇನು?

ನೀನು ಹೂಂ ಅಂದರೂ ಕೂಡಲೇ ಹೊಸ್ತಿಲು ದಾಟುವುದಿಲ್ಲ. ಅದರ ಮೊದಲು ಉಸಿರು ಬಂತೇನು ಎಂದು ಕೇಳಿಸಿಕೊಳ್ಳುತ್ತೇನೆ. ಬಂದಿದ್ದರೆ, ಮುಂದಿನ ಬಸ್ಸಿಗೆ ತಿರುಗಿ ಹೋಗುತ್ತೇನೆ.